ವಿಂಡೋಸ್ ಬಿಟ್ಟು ಲಿನಕ್ಸ್‌ಗೆ: ಲ್ಯಾಪ್‌ಟಾಪ್ ಆರಿಸುವ ಸರಿಯಾದ ಕ್ರಮ

ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ (ಓಎಸ್) ಲಿನಕ್ಸ್. ಅದಕ್ಕೆ ಬರಲು ಹೊರಟವರಲ್ಲಿ ಜಾಸ್ತಿ ಜನ ಎಡವುವುದು ಒಂದೇ ಜಾಗದಲ್ಲಿ. ಮೊದಲು ಲ್ಯಾಪ್‌ಟಾಪ್ ಕೊಳ್ಳುತ್ತಾರೆ, ಆಮೇಲೆ ಲಿನಕ್ಸ್ ಹಾಕುತ್ತಾರೆ. ವೈಫೈ ಕಾಣಿಸುವುದಿಲ್ಲ. ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ಒಳಗೇ ಬಿಸಿಯಾಗಿ ಬ್ಯಾಟರಿ ಖಾಲಿಯಾಗಿರುತ್ತದೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಹಳೆಯ ಫೈಲ್ ತೆರೆದರೆ ಕನ್ನಡವೇ ಇಲ್ಲ. ಇದೆಲ್ಲ ಗೊತ್ತಾಗುವ ಹೊತ್ತಿಗೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುವ ಅವಧಿ ಮುಗಿದಿರುತ್ತದೆ. ಕೊನೆಗೆ ಬೈಗುಳ ತಿನ್ನುವುದು ಲಿನಕ್ಸ್.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ಜನರೇಷನ್ ಅಥವಾ ಆಮೇಲಿನ ಪ್ರೊಸೆಸರ್ ಬೇಕು. ಹಾಗಾಗಿ ಈಗ ಬದಲಾಯಿಸುವವರು ಜಾಸ್ತಿ, ಎಡವುವವರೂ ಜಾಸ್ತಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ದುಡ್ಡು ಕೊಡುವುದು ಐದು ಹಂತ ಮುಗಿದ ಮೇಲೆ.

## ಮೊದಲು ಕೈಗೆ ತೆಗೆದುಕೊಳ್ಳಬೇಕಾದ್ದು

ಎರಡು ಪೆನ್‌ಡ್ರೈವ್ ಬೇಕು. ಒಂದು 8 ಜಿಬಿಯದು, ಲಿನಕ್ಸ್ ಪರೀಕ್ಷೆಗೆ. ಇನ್ನೊಂದು 32 ಜಿಬಿಯದು, ವಿಂಡೋಸ್ ರಿಕವರಿಗೆ. ಬ್ಯಾಕಪ್‌ಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇರಲಿ.

ಫೋನಿನ ಡೇಟಾ ಕೇಬಲ್ ಮರೆಯಬೇಡಿ. ಹೊಸ ಲ್ಯಾಪ್‌ಟಾಪಿನಲ್ಲಿ ವೈಫೈ ಬರದಿದ್ದರೆ ಆಂಡ್ರಾಯ್ಡ್ ಫೋನ್ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಯಾವ ಡ್ರೈವರೂ (ಸಾಧನ ನಡೆಸುವ ತಂತ್ರಾಂಶ) ಬೇಕಿಲ್ಲದೆ ಇಂಟರ್ನೆಟ್ ಬರುತ್ತದೆ. ಚಾರ್ಜ್ ಮಾತ್ರ ಆಗುವ ಅಗ್ಗದ ಕೇಬಲ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

## ಹಂತ 1: ನಿಮ್ಮ ಕೆಲಸಗಳ ಪಟ್ಟಿ ಬರೆಯಿರಿ

ಲ್ಯಾಪ್‌ಟಾಪಿನ ಹೆಸರಲ್ಲ, ನೀವು ಮಾಡುವ ಕೆಲಸಗಳ ಹೆಸರು ಬರೆಯಿರಿ. ಒಂದು ವಾರ ಹಳೆಯ ವಿಂಡೋಸ್‌ನಲ್ಲಿ ಏನೇನು ತೆರೆಯುತ್ತೀರೋ ಎಲ್ಲವನ್ನೂ ಗುರುತು ಮಾಡಿಕೊಳ್ಳಿ. ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಮಾತ್ರ ಬಳಸುವ ಸಾಫ್ಟ್‌ವೇರೇ ಆಮೇಲೆ ಕಾಡುವುದು. ಅದನ್ನು ನೆನಪು ಮಾಡಿಕೊಂಡು ಸೇರಿಸಿ.

ಬ್ರೌಸರಿನಲ್ಲಿ ಆಗುವ ಕೆಲಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಲಿನಕ್ಸ್‌ನಲ್ಲಿವೆ. ಝೂಮ್ ಇದೆ, ಗೂಗಲ್ ಮೀಟ್ ನಡೆಯುತ್ತದೆ, ಟೀಮ್ಸ್ ಬ್ರೌಸರಿನಲ್ಲಿ ಓಡುತ್ತದೆ. ಸಾದಾ ವರ್ಡ್, ಎಕ್ಸೆಲ್ ಫೈಲ್‌ಗಳಿಗೆ ಲಿಬ್ರೆಆಫೀಸ್ ಸಾಕು. ಎಕ್ಸೆಲ್‌ನಲ್ಲಿ ಮ್ಯಾಕ್ರೊ ಬರೆದು ಆಫೀಸು ನಡೆಸುತ್ತಿದ್ದರೆ ಮಾತ್ರ ಮೊದಲು ಅದನ್ನು ಪರೀಕ್ಷಿಸಿ.

ಕಷ್ಟದ ಪಟ್ಟಿ ಚಿಕ್ಕದು, ಆದರೆ ಗಟ್ಟಿ. ಟ್ಯಾಲಿ ವಿಂಡೋಸ್ ತಂತ್ರಾಂಶ. ಫೋಟೋಶಾಪ್, ಕೋರೆಲ್‌ಡ್ರಾ, ಪೇಜ್‌ಮೇಕರ್, ಆಟೋಕ್ಯಾಡ್ ಲಿನಕ್ಸ್‌ಗೆ ಬರುವುದಿಲ್ಲ. ಪರೀಕ್ಷೆಗೆಂದು ಕಾಲೇಜು ಹಾಕಿಸುವ ಸೇಫ್ ಎಕ್ಸಾಮ್ ಬ್ರೌಸರ್‌ಗೂ ಲಿನಕ್ಸ್ ಆವೃತ್ತಿ ಇಲ್ಲ. ವ್ಯಾಲೊರಂಟ್ ಆಡುವ ಮಗ ಮನೆಯಲ್ಲಿದ್ದರೆ ಅವನ ಲ್ಯಾಪ್‌ಟಾಪ್ ಮುಟ್ಟಬೇಡಿ. ಆ ಆಟದ ಆ್ಯಂಟಿ ಚೀಟ್ ಲಿನಕ್ಸ್‌ನಲ್ಲಿ ಓಡುವುದಿಲ್ಲ.

ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಹಾಕಿದರೆ ಎಲ್ಲ ನಡೆಯುತ್ತದೆ ಅಂತ ಯಾರಾದರೂ ಹೇಳುತ್ತಾರೆ. ವೈನ್ ಒಳ್ಳೆಯದೇ. ಆದರೆ ಹೊಟ್ಟೆಪಾಡಿನ ಕೆಲಸವನ್ನು ಅದರ ಮೇಲೆ ನಿಲ್ಲಿಸಬೇಡಿ. ಟ್ಯಾಲಿಯಂಥದ್ದು ಬೇಕೇ ಬೇಕು ಅಂದರೆ ಎರಡೇ ದಾರಿ: ಒಂದೇ ಲ್ಯಾಪ್‌ಟಾಪಿನಲ್ಲಿ ಎರಡೂ ಓಎಸ್ ಇಟ್ಟುಕೊಳ್ಳುವುದು, ಇಲ್ಲವೇ ಲಿನಕ್ಸ್ ಒಳಗೆ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೊಂದು ನಕಲಿ ಕಂಪ್ಯೂಟರ್) ಮಾಡಿ ಅದರಲ್ಲಿ ವಿಂಡೋಸ್ ಓಡಿಸುವುದು. ಎರಡನೆಯದಕ್ಕೆ 16 ಜಿಬಿ ರ್‍ಯಾಮ್ ಇಲ್ಲದೆ ಕೈ ಹಾಕಬೇಡಿ.

ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಟೋಕನ್ ಮೇಲಿನ ಹೆಸರು ನೋಡಿ, ಆ ತಯಾರಕರು ಲಿನಕ್ಸ್ ಡ್ರೈವರ್ ಕೊಡುತ್ತಾರಾ ಅಂತ ಹುಡುಕಿ. ಇದ್ದರೂ, ತೆರಿಗೆ ರಿಟರ್ನ್ ಸಲ್ಲಿಸುವ ಕೊನೆಯ ದಿನ ಮೊದಲ ಸಲ ಪ್ರಯತ್ನಿಸುವ ಸಾಹಸ ಬೇಡ.

ಪ್ರಿಂಟರನ್ನೂ ಪಟ್ಟಿಗೆ ಸೇರಿಸಿ. ನಮ್ಮ ಕಡೆ ಝೆರಾಕ್ಸ್ ಅಂಗಡಿ, ವಕೀಲರ ಕಚೇರಿ, ಎಲ್ಲಿ ನೋಡಿದರೂ ಕ್ಯಾನನ್ ಎಲ್‌ಬಿಪಿ 2900 ಇರುತ್ತದೆ. ಗಟ್ಟಿಮುಟ್ಟಾದ ಪ್ರಿಂಟರ್, ಆದರೆ ಲಿನಕ್ಸ್‌ನಲ್ಲಿ ತಲೆನೋವು. ಅದು ಬಳಸುವ ಕ್ಯಾಪ್ಟ್ ಎಂಬ ಡ್ರೈವರ್ ಹಳೆಯದು, ಹೊಸ ಆವೃತ್ತಿಗಳಲ್ಲಿ ಅದನ್ನು ಕೂರಿಸುವುದೇ ಒಂದು ಕೆಲಸ. ಎಚ್‌ಪಿಯ ಹೆಚ್ಚಿನ ಪ್ರಿಂಟರ್‌ಗಳು ಎಚ್‌ಪಿಲಿಪ್ ಎಂಬ ತಂತ್ರಾಂಶದಿಂದ ನಡೆಯುತ್ತವೆ. ಬ್ರದರ್, ಎಪ್ಸನ್ ಕಂಪನಿಗಳು ಹಲವು ಮಾಡೆಲ್‌ಗಳಿಗೆ ಲಿನಕ್ಸ್ ಡ್ರೈವರ್ ಕೊಡುತ್ತವೆ.

ಎಚ್ಚರಿಕೆಯ ಗುರುತು: ಪಟ್ಟಿಯಲ್ಲಿ ದಿನಾ ಬಳಸುವ, ಲಿನಕ್ಸ್‌ನಲ್ಲಿ ಇಲ್ಲದ ಸಾಫ್ಟ್‌ವೇರ್ ಎರಡಕ್ಕಿಂತ ಜಾಸ್ತಿ ಇದ್ದರೆ ಬದಲಾವಣೆ ಬೇಡ. ಪೇಜ್‌ಮೇಕರ್ ಮತ್ತು ನುಡಿ ಇಟ್ಟುಕೊಂಡು ಡಿಟಿಪಿ ಮಾಡುವವರು ವಿಂಡೋಸ್‌ನಲ್ಲೇ ಇರುವುದು ಲೇಸು.

## ಹಂತ 2: ಕನ್ನಡವನ್ನು ಮೊದಲೇ ಸಾಗಿಸಿ

ಎಲ್ಲರೂ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆದರೆ ಇದಕ್ಕೆ ಬೇಕಾದ ಸಲಕರಣೆ ಇರುವುದು ಹಳೆಯ ವಿಂಡೋಸ್‌ನಲ್ಲಿ. ಅದು ಓಡುತ್ತಿರುವಾಗಲೇ ಮುಗಿಸಿಬಿಡಿ.

ನಿಮ್ಮ ಹಳೆಯ ಕನ್ನಡ ಫೈಲ್‌ಗಳನ್ನು ಎರಡು ಗುಂಪು ಮಾಡಿ. ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿರುವುದು ಒಂದು, ನುಡಿ ಅಥವಾ ಅದೇ ಥರದ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿರುವುದು ಇನ್ನೊಂದು. ಪತ್ತೆ ಹಚ್ಚುವುದು ಸುಲಭ. ಫೈಲಿನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡವೇ ಬಂದರೆ ಯೂನಿಕೋಡ್. 'ಕನ್ನಡ' ಅನ್ನುವ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ಕ್ಯೂ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಕಂಡರೆ ಅದು ನುಡಿಯ ಹಳೆಯ ಫಾಂಟ್. ವೈರಸ್ ಅಲ್ಲ, ಫೈಲೂ ಹಾಳಾಗಿಲ್ಲ. ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ ಫಾಂಟ್ ಅದು, ಅಷ್ಟೆ. ಫಾಂಟ್ ತೆಗೆದರೆ ಚಿತ್ರ ಹೋಗುತ್ತದೆ, ಇಂಗ್ಲಿಷ್ ಉಳಿಯುತ್ತದೆ.

ಬರೀ ಓದಬೇಕು, ಪ್ರಿಂಟ್ ತೆಗೆಯಬೇಕು ಅಂದರೆ ಆ ಫಾಂಟ್ ಫೈಲನ್ನೇ ಲಿನಕ್ಸ್‌ಗೆ ಹಾಕಿಕೊಂಡರೂ ಆಗುತ್ತದೆ. ತಿದ್ದಬೇಕು, ಹುಡುಕಬೇಕು ಅಂದರೆ ಯೂನಿಕೋಡ್‌ಗೆ ಬದಲಾಯಿಸಿ. ನುಡಿ, ಬರಹ ಎರಡರಲ್ಲೂ ಆ ಸೌಲಭ್ಯ ಇದೆ. ಬದಲಾಯಿಸಿದ ಮೇಲೆ ಮೂರು ಕಡೆ ಕಣ್ಣು ಹಾಯಿಸಿ. ಮೊದಲನೆಯದು ಅರ್ಕಾವತ್ತು ಇರುವ ಪದಗಳು, ಅಂದರೆ ಸೂರ್ಯ, ಕಾರ್ಯ, ವರ್ಷ. ಎರಡನೆಯದು ನಡುನಡುವೆ ಬಂದ ಇಂಗ್ಲಿಷ್ ಪದಗಳು, ಇವು ಕನ್ನಡದ ಗೋಜಲಾಗಿ ಬಿಡುವುದುಂಟು. ಮೂರನೆಯದು ಟೇಬಲ್‌ಗಳು. ಮೂಲ ಫೈಲನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬೇಡಿ.

ಇನ್ನು ಟೈಪಿಂಗ್. ಕಗಪ ಕೀಬೋರ್ಡ್ ವಿನ್ಯಾಸ ಕಲಿತವರಿಗೆ ಲಿನಕ್ಸ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ 'ಕನ್ನಡ, ಕಗಪ ಫೊನೆಟಿಕ್' ಸಿಗುತ್ತದೆ. ಇನ್‌ಸ್ಕ್ರಿಪ್ಟ್ ಬಳಸುವವರಿಗೂ ತೊಂದರೆ ಇಲ್ಲ. ಬರಹದ ಹಾಗೆ ಇಂಗ್ಲಿಷ್ ಕಾಗುಣಿತದಲ್ಲಿ ಬಡಿಯುವವರು ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಐಟ್ರಾನ್ಸ್ ವಿಧಾನ ಆರಿಸಬೇಕು. ಒಂದೆರಡು ಕೀಲಿ ಹಿಂದುಮುಂದಾಗಬಹುದು. ಮುಂದಿನ ಹಂತದಲ್ಲಿ ಲಿನಕ್ಸ್ ಓಡಿಸುವಾಗ ನಿಮ್ಮ ಪೂರ್ತಿ ವಿಳಾಸ, ಜೊತೆಗೆ 'ರಾಷ್ಟ್ರೀಯ', 'ಸ್ತ್ರೀ', 'ಕ್ಷೇತ್ರ' ಬಡಿದು ನೋಡಿ. ಇವಿಷ್ಟು ಸರಾಗವಾಗಿ ಬಂದರೆ ಉಳಿದದ್ದೂ ಬರುತ್ತದೆ.

ಒಂದು ಮಾತು. ವಿಂಡೋಸ್‌ನ ತುಂಗಾ, ನಿರ್ಮಲಾ ಫಾಂಟ್‌ಗಳು ಲಿನಕ್ಸ್ ಜೊತೆ ಬರುವುದಿಲ್ಲ. ಅವುಗಳ ಜಾಗದಲ್ಲಿ ನೋಟೊ ಅಥವಾ ಲೋಹಿತ್ ಕೂರುತ್ತದೆ. ಓದಲು ತೊಂದರೆ ಇಲ್ಲ, ಆದರೆ ಸಾಲು ಮುರಿಯುವ ಜಾಗ ಬದಲಾಗಿ ಮೂರು ಪುಟದ ಅರ್ಜಿ ನಾಲ್ಕಾಗಬಹುದು. ಹೊರಗೆ ಕಳಿಸುವುದನ್ನು ಪಿಡಿಎಫ್ ಮಾಡಿಯೇ ಕಳಿಸಿ.

## ಹಂತ 3: ಹಳೆಯ ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡಿ

ಲಿನಕ್ಸ್‌ನಲ್ಲಿ ಹಲವು ಬಗೆ ಇವೆ, ಮೊದಲ ಸಲಕ್ಕೆ ಲಿನಕ್ಸ್ ಮಿಂಟ್ ತೆಗೆದುಕೊಳ್ಳಿ. ನೋಡಲು ವಿಂಡೋಸ್‌ಗೆ ಹತ್ತಿರ, ಗೊಂದಲ ಕಡಿಮೆ. ಅದರ ಇನ್‌ಸ್ಟಾಲ್ ಪ್ರತಿಯಾದ ಐಎಸ್‌ಒ ಫೈಲ್ ಇಳಿಸಿಕೊಂಡು ರೂಫಸ್ ಅಥವಾ ಬಲೇನಾ ಎಚ್ಚರ್ ತಂತ್ರಾಂಶ ಬಳಸಿ ಪೆನ್‌ಡ್ರೈವ್‌ಗೆ ಬರೆಯಿರಿ. ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಅದು ಬೂಟ್ ಆಗುವುದಿಲ್ಲ, ಅಂದರೆ ಅದರಿಂದ ಲ್ಯಾಪ್‌ಟಾಪ್ ಶುರುವಾಗುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೊ ಇದೆಯಾ ನೋಡಿಕೊಳ್ಳಿ.

ಲ್ಯಾಪ್‌ಟಾಪ್ ಆನ್ ಆಗುವಾಗ ಬೂಟ್ ಮೆನು ಕೀಲಿ ಒತ್ತಬೇಕು. ಲೆನೊವೊ, ಡೆಲ್‌ನಲ್ಲಿ ಎಫ್12. ಎಚ್‌ಪಿಯಲ್ಲಿ ಎಫ್9. ಆಸುಸ್‌ನಲ್ಲಿ ಹೆಚ್ಚಾಗಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಬಯಾಸ್ (ಓಎಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಒಳಗೆ ಹೋಗಿ 'ಎಫ್12 ಬೂಟ್ ಮೆನು' ಎಂಬುದನ್ನು ಮೊದಲು ಆನ್ ಮಾಡಬೇಕು.

ಹೀಗೆ ಶುರುವಾಗುವುದನ್ನು ಲೈವ್ ಅನ್ನುತ್ತಾರೆ, ಅಂದರೆ ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡುವುದು. ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಐಕಾನ್ ಒತ್ತದಿದ್ದರೆ ನಿಮ್ಮ ವಿಂಡೋಸ್‌ಗೆ ಏನೂ ಆಗುವುದಿಲ್ಲ. ಹಂತ 1ರ ಪಟ್ಟಿ ಮುಂದಿಟ್ಟುಕೊಂಡು ಒಂದೊಂದೇ ಕೆಲಸ ಮಾಡಿ ನೋಡಿ. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇಲ್ಲೇ ಕೆಲವರ ಪ್ರಯಾಣ ಮುಗಿಯುತ್ತದೆ, ಒಳ್ಳೆಯ ರೀತಿಯಲ್ಲಿ. ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8 ಜಿಬಿ ಮಾಡಿಸಿದರೆ ವಿಂಡೋಸ್ 11ಕ್ಕೆ ಲಾಯಕ್ಕಿಲ್ಲ ಎನಿಸಿಕೊಂಡ ಲ್ಯಾಪ್‌ಟಾಪೇ ಇನ್ನೂ ಕೆಲವು ವರ್ಷ ನಡೆಯುತ್ತದೆ. ಬ್ರೌಸರ್, ಪತ್ರ, ಬ್ಯಾಂಕು ಇಷ್ಟೇ ಕೆಲಸ ಇದ್ದರೆ ಹೊಸದು ಯಾಕೆ?

## ಹಂತ 4: ಹೊಸದಾ, ರಿಫರ್ಬಿಶ್ಡಾ?

ನನ್ನ ಸಲಹೆ ಕೇಳಿದರೆ, ಮೊದಲ ಲಿನಕ್ಸ್ ಲ್ಯಾಪ್‌ಟಾಪ್ ರಿಫರ್ಬಿಶ್ಡ್, ಅಂದರೆ ಕಂಪನಿಗಳು ಬಳಸಿ ಬಿಟ್ಟದ್ದನ್ನು ಸರಿಪಡಿಸಿ ಮಾರುವ ಬಿಸಿನೆಸ್ ಮಾಡೆಲ್ ಆಗಿರಲಿ. ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್. ಇವುಗಳಲ್ಲಿ ಇಂಟೆಲ್ ವೈಫೈ ಸಾಮಾನ್ಯ, ಬಿಡಿಭಾಗ ಸಿಗುತ್ತದೆ, ಬಳಸುವವರು ಜಾಸ್ತಿ ಇರುವುದರಿಂದ ತೊಂದರೆಗೆ ಉತ್ತರವೂ ಸಿಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇಂಥವು ಸಿಗುತ್ತವೆ. ಅಂಗಡಿಯಲ್ಲೇ ಪೆನ್‌ಡ್ರೈವ್ ಚುಚ್ಚಿ ನೋಡಬಹುದು ಅನ್ನುವುದೇ ದೊಡ್ಡ ಲಾಭ. ಆನ್‌ಲೈನ್‌ನಲ್ಲಿ ಆ ಅವಕಾಶ ಇಲ್ಲ.

ಥಿಂಕ್‌ಪ್ಯಾಡ್ ಟಿ480ಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2018ರ ಮಾಡೆಲ್. ಎರಡು ರ್‍ಯಾಮ್ ಸ್ಲಾಟ್, ಒಳಗೊಂದು ಬ್ಯಾಟರಿ, ಹೊರಗೆ ಕಳಚುವ ಇನ್ನೊಂದು ಬ್ಯಾಟರಿ. ಲಿನಕ್ಸ್‌ನಲ್ಲಿ ಸೊಗಸಾಗಿ ಓಡುತ್ತದೆ. ಆದರೂ ಎರಡು ಕಡೆ ಎಚ್ಚರ ಬೇಕು. ಇದರ ಥಂಡರ್‌ಬೋಲ್ಟ್ ಪೋರ್ಟಿನ ಫರ್ಮ್‌ವೇರಿನ (ಚಿಪ್ ಒಳಗಿನ ತಂತ್ರಾಂಶ) ಹಳೆಯ ಆವೃತ್ತಿಯಲ್ಲಿ ದೋಷ ಇತ್ತು, ಯುಎಸ್‌ಬಿ ಸಿ ಪೋರ್ಟು ಕೈಕೊಡುತ್ತಿತ್ತು. ಲೆನೊವೊ ಅದಕ್ಕೆ ಅಪ್‌ಡೇಟ್ ಕೊಟ್ಟಿದೆ. ವಿಂಡೋಸ್ ಇರುವಾಗಲೇ ಅದನ್ನು ಹಾಕಿಬಿಡಿ. ಇನ್ನೊಂದು, ಇದರ ಬೆರಳಚ್ಚು ಓದುವ ಭಾಗ ಲಿನಕ್ಸ್‌ನಲ್ಲಿ ತಾನಾಗಿ ನಡೆಯುವುದಿಲ್ಲ. ಪಾಸ್‌ವರ್ಡ್ ಬಡಿಯಲು ತಯಾರಿರಿ.

ರಿಫರ್ಬಿಶ್ಡ್ ಕೊಳ್ಳುವಾಗ ಬಿಟ್ಟು ಬರಬೇಕಾದ ಗುರುತುಗಳು ಇವು:

- ಬಯಾಸ್ ತೆರೆಯಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ. 'ಅದೇನೂ ಬೇಕಾಗಲ್ಲ ಸಾರ್' ಅಂದರೆ ನಂಬಬೇಡಿ, ಬೇಕೇ ಬೇಕಾಗುತ್ತದೆ.
- ವಿಂಡೋಸ್ ಸೆಟಪ್ ಶುರು ಮಾಡಿ ಇಂಟರ್ನೆಟ್ ಕೊಟ್ಟ ಕೂಡಲೇ ಯಾವುದೋ ಕಂಪನಿಯ ಹೆಸರು ಬಂದು ಆಫೀಸ್ ಲಾಗಿನ್ ಕೇಳುತ್ತದೆ. ಆ ಮಷೀನ್ ಇನ್ನೂ ಅವರ ಪಟ್ಟಿಯಲ್ಲಿದೆ.
- ಟಚ್‌ಪ್ಯಾಡ್ ಒಂದು ಕಡೆ ಉಬ್ಬಿದೆ, ಅಥವಾ ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲುಗುತ್ತದೆ. ಬ್ಯಾಟರಿ ಊದಿರಬಹುದು.
- ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಯಲು ಒಪ್ಪುವುದಿಲ್ಲ.

ಹೊಸದೇ ಬೇಕು ಅನ್ನುವವರು ಮಾರುಕಟ್ಟೆಗೆ ಬಂದು ಆರು ತಿಂಗಳಾದರೂ ಆಗಿರುವ ಮಾಡೆಲ್ ನೋಡಿ. ಲಿನಕ್ಸ್‌ನಲ್ಲಿ ಡ್ರೈವರ್‌ಗಳು ಬಹುಪಾಲು ಕರ್ನಲ್ ಎಂಬ ಅದರ ತಿರುಳಿನ ಒಳಗೇ ಬರುತ್ತವೆ. ತೀರಾ ಹೊಸ ಚಿಪ್‌ಗೆ ಹೊಸ ಕರ್ನಲ್ ಬೇಕು. ಮಿಂಟ್ ನಿಂತಿರುವುದು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ ಎರಡು ವರ್ಷಕ್ಕೊಮ್ಮೆ ಬರುವ ದೀರ್ಘ ಬೆಂಬಲದ (ಎಲ್‌ಟಿಎಸ್) ಆವೃತ್ತಿಯ ಮೇಲೆ. ಮೊನ್ನೆ ಬಿಡುಗಡೆಯಾದ ಲ್ಯಾಪ್‌ಟಾಪೇ ಕೊಂಡಿದ್ದರೆ ಆರು ತಿಂಗಳಿಗೊಮ್ಮೆ ಹೊಸದಾಗುವ ಫೆಡೋರಾ ಲಿನಕ್ಸ್ ಪ್ರಯತ್ನಿಸಿ. ಉಬುಂಟು ಸರ್ಟಿಫೈಡ್ ಪಟ್ಟಿಯಲ್ಲಿ ಮಾಡೆಲ್ ಹೆಸರಿದ್ದರೆ ಅದು ಒಳ್ಳೆಯ ಸೂಚನೆ.

ಡಾಸ್ ಅಥವಾ ಫ್ರೀಡಾಸ್ ಎಂದು ಬರೆದಿರುವ, ವಿಂಡೋಸ್ ಇಲ್ಲದ ಲ್ಯಾಪ್‌ಟಾಪ್‌ಗಳು ಸ್ವಲ್ಪ ಅಗ್ಗ. ವಿಂಡೋಸ್‌ಗೆ ಯಾಕೆ ದುಡ್ಡು ಕೊಡಬೇಕು ಅನ್ನಿಸುತ್ತದೆ, ಸಹಜ. ಆದರೂ ಮೊದಲ ಸಲಕ್ಕೆ ವಿಂಡೋಸ್ ಇರುವುದನ್ನೇ ಕೊಳ್ಳಿ. ಬಯಾಸ್ ಅಪ್‌ಡೇಟ್‌ಗೆ, ಸರ್ವಿಸ್ ಸೆಂಟರಿನವರಿಗೆ ತೊಂದರೆ ತೋರಿಸಲು ಅದು ಬೇಕಾಗುತ್ತದೆ. ಮನಸ್ಸು ಬದಲಾದರೆ ವಾಪಸ್ ಹೋಗಲು ದಾರಿಯೂ ಇರುತ್ತದೆ.

## ಹಂತ 5: ಮಾಡೆಲ್ ಹೆಸರು ಬಿಡಿ, ಒಳಗಿನ ಚಿಪ್ ನೋಡಿ

ಒಂದೇ ಮಾಡೆಲ್ ಹೆಸರಿನಲ್ಲಿ ಒಂದು ಬ್ಯಾಚಿಗೆ ಇಂಟೆಲ್ ವೈಫೈ, ಇನ್ನೊಂದಕ್ಕೆ ರಿಯಲ್‌ಟೆಕ್, ಮತ್ತೊಂದಕ್ಕೆ ಮೀಡಿಯಾಟೆಕ್ ಹಾಕುತ್ತಾರೆ. ಅಗ್ಗದ ಮಾಡೆಲ್‌ಗಳಲ್ಲಿ ಇದು ಮಾಮೂಲಿ. 'ನನ್ನದರಲ್ಲಿ ಚೆನ್ನಾಗಿ ಓಡ್ತಿದೆ' ಅಂತ ಗೆಳೆಯ ಹೇಳಿದ್ದು ನಿಜವೇ ಇರುತ್ತದೆ, ನಿಮ್ಮದರಲ್ಲಿ ಓಡದಿರುವುದೂ ನಿಜ.

ವೈಫೈ. ಇಂಟೆಲ್ ಆದರೆ ಕಣ್ಣುಮುಚ್ಚಿ ಕೊಳ್ಳಬಹುದು. ಮೀಡಿಯಾಟೆಕ್ ಎಂಟಿ7921 ಈಗಿನ ಕರ್ನಲ್‌ಗಳಲ್ಲಿ ನಡೆಯುತ್ತದೆ. ಎಂಟಿ7902ಗೆ ಮಾತ್ರ ವರ್ಷಗಟ್ಟಲೆ ಲಿನಕ್ಸ್ ಡ್ರೈವರ್ ಇರಲಿಲ್ಲ, ಆ ಹೆಸರು ಕಂಡರೆ ದೂರ ಇರಿ. ಹಳೆಯ ಬ್ರಾಡ್‌ಕಾಮ್ ಚಿಪ್‌ಗಳು ಬೇರೆಯಾಗಿ ಡ್ರೈವರ್ ಕೇಳುತ್ತವೆ. ಕಾರ್ಡ್ ಬಿಚ್ಚುವಂತಿದ್ದರೆ ಒಂದೆರಡು ಸಾವಿರಕ್ಕೆ ಇಂಟೆಲ್ ಎಎಕ್ಸ್210 ಹಾಕಿಸಿಕೊಳ್ಳಬಹುದು. ಎಎಕ್ಸ್201, ಎಎಕ್ಸ್211 ತರಬೇಡಿ. ಅವು ಅರ್ಧ ಕೆಲಸವನ್ನು ಇಂಟೆಲ್ ಪ್ರೊಸೆಸರಿನ ಕಡೆಯಿಂದ ಮಾಡಿಸಿಕೊಳ್ಳುವ ಕಾರ್ಡ್‌ಗಳು, ಎಎಂಡಿ ಲ್ಯಾಪ್‌ಟಾಪಿನಲ್ಲಿ ಓಡುವುದೇ ಇಲ್ಲ.

ಗ್ರಾಫಿಕ್ಸ್. ಇಂಟೆಲ್ ಅಥವಾ ಎಎಂಡಿ ಒಳಗ್ರಾಫಿಕ್ಸ್ ಇದ್ದರೆ ಏನೂ ಮಾಡಬೇಕಿಲ್ಲ. ಎನ್ವಿಡಿಯಾ ಗ್ರಾಫಿಕ್ಸ್ ಚಿಪ್ ಬೇಕಾದ್ದು ಆಟಕ್ಕೆ, ವಿಡಿಯೊ ಕೆಲಸಕ್ಕೆ, ಎಐ ಮಾಡೆಲ್ ಓಡಿಸುವುದಕ್ಕೆ. ಇವು ಯಾವುದೂ ಇಲ್ಲದಿದ್ದರೆ ಅದಕ್ಕೆ ಜಾಸ್ತಿ ದುಡ್ಡು ಕೊಟ್ಟು ಡ್ರೈವರ್ ಕಾಟ, ಬೇಗ ಖಾಲಿಯಾಗುವ ಬ್ಯಾಟರಿ ಎರಡನ್ನೂ ಮನೆಗೆ ತರಬೇಡಿ.

ಪ್ರೊಸೆಸರ್. ಇಂಟೆಲ್, ಎಎಂಡಿ ಎರಡೂ ಸರಿ. ಸ್ನ್ಯಾಪ್‌ಡ್ರ್ಯಾಗನ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ಬೇಡ. ಬ್ಯಾಟರಿ ಚೆನ್ನಾಗಿದೆ ಅಂತ ಹೊಗಳುತ್ತಾರೆ, ನಿಜ. ಆದರೆ ಲಿನಕ್ಸ್ ಅದರಲ್ಲಿ ಇನ್ನೂ ಪೂರ್ತಿ ಕೂತಿಲ್ಲ. ಸೆಕೆಂಡ್ ಹ್ಯಾಂಡ್ ಮ್ಯಾಕ್‌ಬುಕ್ ತಂದು ಲಿನಕ್ಸ್ ಹಾಕುತ್ತೇನೆ ಅನ್ನುವವರಿಗೂ ಇದೇ ಮಾತು.

ರ್‍ಯಾಮ್. 16 ಜಿಬಿ ಇರಲಿ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಸೇರಿಸಲು ಆಗುವುದಿಲ್ಲ. 'ಸೋಲ್ಡರ್ಡ್' ಅಥವಾ 'ಆನ್‌ಬೋರ್ಡ್' ಎಂದು ಬರೆದಿದ್ದರೆ ಕೊಳ್ಳುವಾಗಲೇ ಬೇಕಾದಷ್ಟು ತೆಗೆದುಕೊಳ್ಳಿ.

ಕ್ಯಾಮೆರಾ, ಬೆರಳಚ್ಚು. ಸಾದಾ ಯುಎಸ್‌ಬಿ ವೆಬ್‌ಕ್ಯಾಮ್ ಲಿನಕ್ಸ್‌ನಲ್ಲಿ ತಾನಾಗಿ ನಡೆಯುತ್ತದೆ. ದುಬಾರಿ ಇಂಟೆಲ್ ಲ್ಯಾಪ್‌ಟಾಪ್‌ಗಳ ಕೆಲವು ಮಾಡೆಲ್‌ಗಳಲ್ಲಿ ಐಪಿಯು6 ಎಂಬ ವ್ಯವಸ್ಥೆಯ ಮೂಲಕ ಓಡುವ ಕ್ಯಾಮೆರಾ ಇದೆ. ಅದು ಲಿನಕ್ಸ್‌ನಲ್ಲಿ ಬಹಳ ಸತಾಯಿಸಿದೆ. ಲಕ್ಷ ರೂಪಾಯಿ ಕೊಟ್ಟವರಿಗೆ ಕ್ಯಾಮೆರಾ ಬಾರದೆ, ನಲವತ್ತು ಸಾವಿರದ್ದರಲ್ಲಿ ಬರುವುದು ಹೀಗೆ. ಬೆರಳಚ್ಚು ಬಂದರೆ ಪುಣ್ಯ ಅಂತ ಇಟ್ಟುಕೊಳ್ಳಿ.

ಪರದೆ. 14 ಇಂಚಿಗೆ 1920 ಗುಣಿಸು 1080 ಅಥವಾ 1200 ಸಾಕು. 2.8ಕೆ ಪರದೆಯಲ್ಲಿ ಅಕ್ಷರ ತೀರಾ ಸಣ್ಣದಾಗುತ್ತದೆ, 150 ಪರ್ಸೆಂಟ್ ಹಿಗ್ಗಿಸಿದರೆ ಕೆಲವು ಆ್ಯಪ್‌ಗಳು ಮಸುಕಾಗುತ್ತವೆ. ಕನ್ನಡದ ಒತ್ತಕ್ಷರ ಓದುವವರಿಗೆ ಆ ಮಸುಕು ಬೇಗ ಕಣ್ಣಿಗೆ ಹೊಡೆಯುತ್ತದೆ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ವಾಪಸಾತಿ ನಿಯಮವನ್ನು ಪೂರ್ತಿ ಓದಿ. 'ರಿಪ್ಲೇಸ್‌ಮೆಂಟ್' ಎಂದಷ್ಟೇ ಇದ್ದರೆ ದುಡ್ಡು ವಾಪಸ್ ಬರುವುದಿಲ್ಲ. ಲಿನಕ್ಸ್ ಓಡಲಿಲ್ಲ ಅನ್ನುವುದನ್ನು ಯಾರೂ ದೋಷ ಎಂದು ಒಪ್ಪುವುದೂ ಇಲ್ಲ.

## ಹಂತ 6: ಬಾಕ್ಸ್ ಬಿಚ್ಚಿದ ದಿನವೇ ಪರೀಕ್ಷೆ

ವಿಂಡೋಸ್ ಸೆಟಪ್ ಮಾಡಿ ಅಕೌಂಟ್ ಹಾಕುವ ಮೊದಲೇ ಮಿಂಟ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಬಾಕ್ಸ್, ಸ್ಟಿಕ್ಕರ್, ಪ್ಲಾಸ್ಟಿಕ್ ಎಲ್ಲ ಜೋಪಾನವಾಗಿರಲಿ.

ಪೆನ್‌ಡ್ರೈವ್ ಪಟ್ಟಿಯಲ್ಲಿ ಕಾಣುತ್ತದೆ, ಆದರೆ ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶ ಮಾತ್ರ ಬೂಟ್ ಆಗಲು ಬಿಡುವ ಕಾವಲು) ಹೆಸರು ಹೇಳಿ ನಿಲ್ಲುತ್ತದೆ ಅಂದರೆ ಬಯಾಸ್ ನೋಡಿ. ಹೊಸ ಬಿಸಿನೆಸ್ ಲ್ಯಾಪ್‌ಟಾಪ್‌ಗಳಲ್ಲಿ 'ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ' ಎಂಬ ಆಯ್ಕೆ ಆಫ್ ಇರುತ್ತದೆ. ಅದನ್ನು ಆನ್ ಮಾಡಿದರೆ ಸಾಕು, ಸೆಕ್ಯೂರ್ ಬೂಟ್ ಪೂರ್ತಿ ತೆಗೆಯಬೇಕಿಲ್ಲ. ಬೂಟ್ ಆಗಿ ಪರದೆ ಕಪ್ಪಾಗಿ ಉಳಿದರೆ ಮಿಂಟ್ ಮೆನುವಿನಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿ. ಎನ್ವಿಡಿಯಾ ಇರುವ ಮಷೀನ್‌ಗಳಲ್ಲಿ ಇದು ಆಗಾಗ ಬೇಕಾಗುತ್ತದೆ.

ಡೆಸ್ಕ್‌ಟಾಪ್ ಬಂದ ಮೇಲೆ ಮೊದಲು 'ಸಿಸ್ಟಂ ರಿಪೋರ್ಟ್ಸ್' ತೆರೆದು 'ಸಿಸ್ಟಂ ಇನ್ಫರ್ಮೇಷನ್' ನೋಡಿ. ಈ ಒಂದು ಪುಟದಲ್ಲಿ ಅರ್ಧ ಉತ್ತರ ಇದೆ. 'ನೆಟ್‌ವರ್ಕ್' ಸಾಲಿನಲ್ಲಿ ವೈಫೈ ಚಿಪ್‌ನ ಹೆಸರು, ಅದರ ಪಕ್ಕದಲ್ಲಿ ಡ್ರೈವರ್ ಹೆಸರು ಇರುತ್ತದೆ. ಡ್ರೈವರ್ ಎಂಬಲ್ಲಿ 'ಎನ್/ಎ' ಎಂದಿದ್ದರೆ ಆ ಚಿಪ್‌ಗೆ ಡ್ರೈವರ್ ಸಿಕ್ಕಿಲ್ಲ ಅಂತ. 'ಬ್ಯಾಟರಿ' ಸಾಲಿನಲ್ಲಿ 'ಕಂಡಿಷನ್' ಎದುರು ಎರಡು ಸಂಖ್ಯೆ, ಒಂದು ಪರ್ಸೆಂಟ್. 41/50 ಎಂದರೆ 50 ವ್ಯಾಟ್ ಅವರ್ ಬ್ಯಾಟರಿಯಲ್ಲಿ ಉಳಿದಿರುವ ಶಕ್ತಿ 41. ರಿಫರ್ಬಿಶ್ಡ್ ಆಗಿದ್ದು ಆ ಪರ್ಸೆಂಟ್ 70ಕ್ಕಿಂತ ಕೆಳಗೆ ಇದ್ದರೆ ಹೊಸ ಬ್ಯಾಟರಿಯ ಬೆಲೆ ಮುರಿದುಕೊಂಡೇ ವ್ಯಾಪಾರ ಮಾಡಿ.

ಆಮೇಲೆ ಕೈಯಿಂದ ಮಾಡುವ ಪರೀಕ್ಷೆಗಳು, ಇದೇ ಕ್ರಮದಲ್ಲಿ:

1. ವೈಫೈ ಜೋಡಿಸಿ ಒಂದು ಎಚ್‌ಡಿ ವಿಡಿಯೊ ನೋಡಿ. ಹದಿನೈದು ನಿಮಿಷದಲ್ಲಿ ಸಂಪರ್ಕ ಬಿಟ್ಟು ಬಿಟ್ಟು ಬರಬಾರದು. ಪಕ್ಕದ ರೂಮಿಗೂ ಒಯ್ದು ನೋಡಿ.
2. ಸ್ಪೀಕರ್, ಇಯರ್‌ಫೋನ್, ಮೈಕ್. ಎರಡೂ ಸ್ಪೀಕರಿನಿಂದ ದನಿ ಬರಬೇಕು. ಇಯರ್‌ಫೋನ್‌ನಲ್ಲಿ ಚೆನ್ನಾಗಿದ್ದು ಸ್ಪೀಕರಿನಲ್ಲಿ ಪಿಸುಗುಟ್ಟಿದಂತೆ ಕೇಳಿದರೆ ಸ್ಪೀಕರ್ ಆಂಪ್ಲಿಫಯರ್‌ಗೆ ಡ್ರೈವರ್ ಇಲ್ಲ ಎಂಬ ಅನುಮಾನ ಪಡಿ.
3. ಕ್ಯಾಮೆರಾ, ಬ್ಲೂಟೂತ್, ಬ್ರೈಟ್‌ನೆಸ್ ಕೀಲಿಗಳು, ಟಚ್‌ಪ್ಯಾಡಿನಲ್ಲಿ ಎರಡು ಬೆರಳಿನ ಸ್ಕ್ರೋಲ್.
4. ಎಚ್‌ಡಿಎಂಐ ಕೇಬಲ್ ಟಿವಿಗೆ ಚುಚ್ಚಿ. ಪ್ರತಿ ಯುಎಸ್‌ಬಿ ಪೋರ್ಟಿಗೂ ಮೌಸ್ ಹಾಕಿ ನೋಡಿ.
5. ಕೊನೆಗೆ ನಿದ್ರೆ. ಬ್ಯಾಟರಿ ಪರ್ಸೆಂಟ್ ಬರೆದುಕೊಂಡು ಮುಚ್ಚಳ ಮುಚ್ಚಿ. ಒಂದು ಗಂಟೆ ಬಿಟ್ಟು ತೆಗೆಯಿರಿ.

ಗಂಟೆಗೆ ಒಂದೆರಡು ಪರ್ಸೆಂಟ್ ಇಳಿದರೆ ಪರವಾಗಿಲ್ಲ. ಎಂಟು ಹತ್ತು ಇಳಿದು ತಳ ಬಿಸಿ ಇದ್ದರೆ ಅದು ಮಲಗಿಯೇ ಇಲ್ಲ. ಕೆಲವು ಥಿಂಕ್‌ಪ್ಯಾಡ್‌ಗಳ ಬಯಾಸ್‌ನಲ್ಲಿ ಸ್ಲೀಪ್ ಸ್ಟೇಟ್‌ಗೆ 'ಲಿನಕ್ಸ್' ಎಂಬ ಆಯ್ಕೆ ಇದೆ, ಅದನ್ನು ಹಾಕಿ ಮತ್ತೆ ನೋಡಿ. ಆದರೆ ಮುಚ್ಚಳ ತೆಗೆದಾಗ ಏಳಲೇ ಇಲ್ಲ ಅಂದರೆ ಅದೊಂದೇ ಕಾರಣಕ್ಕೆ ವಾಪಸ್ ಕೊಡಬೇಡಿ. ಪೆನ್‌ಡ್ರೈವ್‌ನಿಂದ ಓಡುವಾಗ ಹೀಗಾಗುವುದುಂಟು, ಎನ್ವಿಡಿಯಾ ಇದ್ದರೆ ಇನ್ನೂ ಜಾಸ್ತಿ. ಅವಧಿ ಮುಗಿಯುವ ಮೊದಲು ಒಂದು ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗೆ ಲಿನಕ್ಸ್ ಹಾಕಿ ಮತ್ತೊಮ್ಮೆ ಪರೀಕ್ಷಿಸಿ. ಹಾಕುವಾಗ ಬೂಟ್‌ಲೋಡರ್ (ಓಎಸ್ ಶುರು ಮಾಡುವ ಭಾಗ) ಕೂಡ ಆ ಎಸ್‌ಎಸ್‌ಡಿಗೇ ಹೋಗುತ್ತಿದೆಯಾ ನೋಡಿಕೊಳ್ಳಿ.

## ಹಂತ 7: ವಿಂಡೋಸ್ ಮುಟ್ಟುವ ಮೊದಲು

ಪರೀಕ್ಷೆ ಪಾಸಾಯಿತು. ಈಗ ವಿಂಡೋಸ್ ಸೆಟಪ್ ಮುಗಿಸಿ, ಬಯಾಸ್ ಅಪ್‌ಡೇಟ್‌ಗಳನ್ನೆಲ್ಲ ಹಾಕಿ.

ಬಿಟ್‌ಲಾಕರ್ ಬಗ್ಗೆ ಹುಷಾರು. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿ ಬೀಗ ಹಾಕಿಕೊಳ್ಳುತ್ತದೆ, ನಿಮ್ಮನ್ನು ಕೇಳುವುದೂ ಇಲ್ಲ. ಆಮೇಲೆ ಬಯಾಸ್‌ನಲ್ಲಿ ಏನಾದರೂ ಬದಲಾಯಿಸಿದರೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀಯನ್ನು ಅಕೌಂಟಿನಿಂದ ತೆಗೆದು ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪಿನಲ್ಲಿ ನೋಟ್‌ಪ್ಯಾಡ್ ಫೈಲ್ ಮಾಡಿ ಇಡುವವರೂ ಇದ್ದಾರೆ!

32 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ರಿಕವರಿ ಡ್ರೈವ್ ಮಾಡಿ. ಎರಡೂ ಓಎಸ್ ಇಟ್ಟುಕೊಳ್ಳುವವರು ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ತೆಗೆದುಹಾಕಿ. ಅದು ಇದ್ದರೆ ವಿಂಡೋಸ್ ಪೂರ್ತಿ ಆಫ್ ಆಗುವುದಿಲ್ಲ, ಅದರ ಡ್ರೈವ್‌ನಲ್ಲಿ ಲಿನಕ್ಸ್ ಬರೆಯಲು ಹೋದರೆ ಅಡ್ಡಿ ಬರುತ್ತದೆ. ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕುಗ್ಗಿಸಿ.

ಇದೆಲ್ಲಕ್ಕಿಂತ ನೆಮ್ಮದಿಯ ದಾರಿ ಒಂದಿದೆ. ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಬಿಚ್ಚಿ ಕವರಿಗೆ ಹಾಕಿ ಎತ್ತಿಡಿ, ಹೊಸ ಎಸ್‌ಎಸ್‌ಡಿ ಹಾಕಿ ಅದರಲ್ಲಿ ಲಿನಕ್ಸ್ ಮಾಡಿ. ವಾರಂಟಿ ಕೆಲಸಕ್ಕೆ ಹೋಗುವಾಗ ಹಳೆಯದನ್ನು ವಾಪಸ್ ಹಾಕಿ ಕೊಡಿ. ಬಿಚ್ಚಿದರೆ ವಾರಂಟಿ ಹೋಗುತ್ತದಾ ಅಂತ ಕಂಪನಿಯನ್ನು ಮೊದಲೇ ಕೇಳಿಕೊಳ್ಳಿ.

## ಹಂತ 8: ಇನ್‌ಸ್ಟಾಲ್ ಮಾಡುವಾಗ ಕಾಣುವ ಅಡ್ಡಿಗಳು

ಡಿಸ್ಕೇ ಕಾಣಿಸುವುದಿಲ್ಲ. ಬಯಾಸ್‌ನಲ್ಲಿ ಸ್ಟೋರೇಜ್ 'ಆರ್‌ಎಸ್‌ಟಿ' ಅಥವಾ 'ರೇಡ್' ಎಂದಿರುತ್ತದೆ, 'ಎಎಚ್‌ಸಿಐ'ಗೆ ಬದಲಾಯಿಸಬೇಕು. ವಿಂಡೋಸ್ ಕೂಡ ಉಳಿಸಿಕೊಳ್ಳುವವರು ನೇರವಾಗಿ ಬದಲಾಯಿಸಬೇಡಿ. ಮೊದಲು ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುವಂತೆ ಮಾಡಿ, ಬಯಾಸ್‌ನಲ್ಲಿ ಬದಲಾಯಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಬೂಟ್ ಮಾಡಿ, ಆಮೇಲೆ ಮಾಮೂಲಿಗೆ ಬನ್ನಿ. ಈ ಕ್ರಮ ತಪ್ಪಿದರೆ ವಿಂಡೋಸ್ ಏಳುವುದಿಲ್ಲ.

ಎನ್ವಿಡಿಯಾ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆಯೊಂದು ಕೆಲವೇ ಸೆಕೆಂಡು ಕಾಣುತ್ತದೆ. ಹೆದರಿ ಬಿಟ್ಟುಬಿಡಬೇಡಿ. 'ಎನ್‌ರೋಲ್ ಮಾಕ್' ಆರಿಸಿ, ಇನ್‌ಸ್ಟಾಲ್ ಮಾಡುವಾಗ ನೀವೇ ಕೊಟ್ಟ ಪಾಸ್‌ವರ್ಡ್ ಹಾಕಿ. ಇದನ್ನು ತಪ್ಪಿಸಿಕೊಂಡರೆ ಸೆಕ್ಯೂರ್ ಬೂಟ್ ಇರುವಲ್ಲಿ ಡ್ರೈವರ್ ಹಾಕಿದ್ದೂ ಹಾಕದಂತೆಯೇ.

ಎರಡೂ ಓಎಸ್ ಇದ್ದು ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಹೋದರೆ ಮದರ್‌ಬೋರ್ಡ್ ಸೆಲ್ ಬದಲಾಯಿಸಲು ಓಡಬೇಡಿ. ಲಿನಕ್ಸ್ ಗಡಿಯಾರವನ್ನು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದು ಓದುತ್ತದೆ. ಸ್ಥಳೀಯ ಸಮಯವನ್ನೇ ಇಡು ಎಂದು ಲಿನಕ್ಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸಿದರೆ ಆಯಿತು.

ಹಳೆಯ ಲ್ಯಾಪ್‌ಟಾಪನ್ನು ತಕ್ಷಣ ಮಾರಬೇಡಿ. ಹಂತ 1ರ ಪಟ್ಟಿಯಲ್ಲಿ ಬರೆದ ಪ್ರತಿ ಕೆಲಸವೂ ಹೊಸದರಲ್ಲಿ ಒಮ್ಮೆಯಾದರೂ ಮುಗಿಯಲಿ. ಒಂದು ರಿಟರ್ನ್ ಸಲ್ಲಿಕೆ, ಒಂದು ಆನ್‌ಲೈನ್ ಮೀಟಿಂಗ್, ಒಂದು ಕನ್ನಡ ಪತ್ರ, ಆ ಪತ್ರದ ಪ್ರಿಂಟ್. ಆಮೇಲೆ ಹಳೆಯದರ ಡಿಸ್ಕ್ ಪೂರ್ತಿ ಅಳಿಸಿ ಕೊಡಿ.